ಒಂದು ಪೊಟ್ಟಣಕ್ಕೆ ಎಷ್ಟು ಹೆಸರು?

ಚಾಮರಾಜನಗರಕ್ಕೆ ಹೋದವರು ಚಾಮರಾಜೇಶ್ವರನ ದರ್ಶನ ಮಾಡಿ, ಅನುಕೂಲವಿದ್ದರೆ ಬಿಳಿಗಿರಿರಂಗನ ಬೆಟ್ಟವನ್ನು ಹತ್ತಿ ಬರುತ್ತಾರೆ. ಗುಂಡ್ಲುಪೇಟೆಗೆ ಹೋದವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ, ಬಂಡೀಪುರದ ಕಾಡಿದೆ. ಕಲ್ಲಿನ ಗಣಿಯನ್ನು ನೋಡಬೇಕೆಂದು ಆ ಸೀಮೆಗೆ ಯಾತ್ರೆ ಹೊರಡುವವರು ಯಾರೂ ಇಲ್ಲ. ಆದರೂ ಅಲ್ಲಿಯ ನೆಲದೊಳಗೆ ಮಲಗಿರುವ ಕರಿಕಲ್ಲಿನ ಕೀರ್ತಿ ಸಮುದ್ರವನ್ನು ದಾಟಿದೆ. ಮೆರುಗು ಕೊಟ್ಟರೆ ಕನ್ನಡಿಯಂತೆ ಹೊಳೆಯುವ ಆ ಶಿಲೆ ಎಲ್ಲೆಲ್ಲಿಯೋ ಸಮಾಧಿಯ ಕಲ್ಲಾಗಿ, ಸ್ಮಾರಕದ ಫಲಕವಾಗಿ ನಿಂತಿದೆ.

ಕಲ್ಲು ಹೊರದೇಶಕ್ಕೆ ಹೋಗುತ್ತದೆ. ಅದನ್ನು ಕೊಯ್ಯುವ, ಕೊರೆಯುವ, ಎತ್ತುವ ಯಂತ್ರಗಳಲ್ಲಿ ಹಲವು ಹೊರದೇಶದಿಂದ ಬರುತ್ತವೆ. ಯಂತ್ರವೆಂದ ಮೇಲೆ ಸವೆಯುವುದುಂಟು. ಸವೆದ ಭಾಗವನ್ನು ಬದಲಾಯಿಸಲು ತಯಾರಕರು ಅಂಗೈ ಅಗಲದ ಒಂದು ಪೊಟ್ಟಣವನ್ನು ಕಳುಹಿಸುತ್ತಾರೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ರಿಪೇರಿ ಕಿಟ್’ ಎಂದು ಅಚ್ಚಾಗಿರುತ್ತದೆ. ಈ ಲೇಖನ ಆ ಪೊಟ್ಟಣದ ಕಥೆ. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಕಥೆಯೆ ಎಂದು ಓದುಗರು ಮೂಗಿನ ಮೇಲೆ ಬೆರಳಿಡುವ ಮುನ್ನ ಒಂದು ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬಿನ್ನಹ.

ಚಾಮರಾಜನಗರದ ಆಚೆ ಒಂದು ಗಣಿ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಇದು ಯಾರೊಬ್ಬರ ಕಥೆಯೂ ಅಲ್ಲ. ಬೆಳಗಿನ ಎಂಟು ಗಂಟೆ. ಬಂಡೆಯ ಮಗ್ಗುಲಲ್ಲಿ ಅಗೆಯುವ ಯಂತ್ರ ತನ್ನ ಉದ್ದನೆಯ ತೋಳನ್ನು ನೆಲಕ್ಕೂರಿ ನಿಂತುಬಿಟ್ಟಿದೆ. ತೋಳಿನ ಸಿಲಿಂಡರಿನಿಂದ ಎಣ್ಣೆ ಹನಿಹನಿಯಾಗಿ ಇಳಿದು ಕಲ್ಲುಪುಡಿಯನ್ನು ಕೆಸರು ಮಾಡಿದೆ. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ ಬಂದು, ‘ಸಾಮಿ, ಒಳಗಡೆ ಸೀಲು ಹೋಗ್ಬುಟ್ಟದೆ. ಕಿಟ್ಟು ಬರೋಗಂಟ ಏನೂ ಮಾಡಾಕಾಗಾಕಿಲ್ಲ’ ಎನ್ನುತ್ತಾನೆ. ಕೂಲಿಯವರು ನೆರಳು ಹುಡುಕಿ ಕುಳಿತಿದ್ದಾರೆ. ಯಂತ್ರ ಓಡಿದರೆ ಅವರಿಗೆ ದಿನಗೂಲಿ. ಇಲ್ಲವಾದರೆ ಬುತ್ತಿಯನ್ನು ಬಿಚ್ಚಿ ಉಂಡು ಊರಿಗೆ ಹಿಂದಿರುಗುವುದು. ಯಜಮಾನನಿಗೆ ಬ್ಯಾಂಕಿನ ಕಂತು ಮಾತ್ರ ಯಂತ್ರ ಓಡಿದರೂ ನಿಂತರೂ ಒಂದೇ.

ಇಂಥ ಬಿಡಿಭಾಗ ಸಾಮಾನ್ಯವಾಗಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಾರಾಟಗಾರರ ಬಳಿ ಸಿಗುತ್ತದೆ. ಸುಂಕದ ತಲೆನೋವನ್ನು ಅವರೇ ಅನುಭವಿಸಿ, ಅದನ್ನು ಬೆಲೆಯಲ್ಲಿ ಸೇರಿಸಿರುತ್ತಾರೆ. ಆದರೆ ಯಂತ್ರವನ್ನು ತಾನೇ ನೇರವಾಗಿ ತರಿಸಿಕೊಂಡವನಿಗೆ ಕಿಟ್ಟನ್ನೂ ತಾನೇ ತರಿಸಿಕೊಳ್ಳುವ ಪ್ರಸಂಗ ಬರುತ್ತದೆ. ವಿಮಾನದಲ್ಲಿ ಬಂದರೆ ದೇವನಹಳ್ಳಿಯ ನಿಲ್ದಾಣ. ಹಡಗಿನಲ್ಲಿ ಬಂದರೆ ಚೆನ್ನೈ ಬಂದರು, ಇಲ್ಲವೆ ಅಲ್ಲಿಂದ ಮುಚ್ಚಿದ ಪೆಟ್ಟಿಗೆಯಲ್ಲೇ ಸಾಗಿ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋ. ಅಲ್ಲಿ ಕಸ್ಟಮ್ಸ್ ಕಾಗದವನ್ನು ಸಿದ್ಧಪಡಿಸುವ ಏಜೆಂಟರು ದೂರವಾಣಿಯಲ್ಲಿ ಕೇಳುವ ಮೊದಲ ಪ್ರಶ್ನೆ: ‘ಇನ್‌ವಾಯ್ಸಿನಲ್ಲಿ ಬರೀ ಕಿಟ್ ಅಂತ ಬರೆದಿದ್ದಾರಲ್ಲ ಯಜಮಾನರೆ, ಒಳಗೆ ಏನೇನಿದೆ?’

ಯಜಮಾನ ಚಕಿತನಾಗುತ್ತಾನೆ. ಒಳಗೆ ಏನಿದ್ದರೇನು? ಎಲ್ಲವೂ ಅದೇ ಯಂತ್ರಕ್ಕೆ ಸೇರಿದ್ದು. ಯಂತ್ರಕ್ಕೆ ಎಷ್ಟು ಸುಂಕವೋ ಅದರ ಕಿಟ್ಟಿಗೂ ಅಷ್ಟು ಹಾಕಿಕೊಳ್ಳಲಿ! ಈ ಮಾತು ಲೋಕಾನುಭವಕ್ಕೆ ಒಪ್ಪುವಂಥದ್ದೇ. ಸುಂಕದ ಪಟ್ಟಿಗೆ ಮಾತ್ರ ಒಪ್ಪುವುದಿಲ್ಲ.

ಏಕೆ ಒಪ್ಪುವುದಿಲ್ಲವೆಂಬುದನ್ನು ತಿಳಿಯಲು ಗಣಿಯನ್ನು ಬಿಟ್ಟು ನಮ್ಮ ಮನೆಯ ನಡುಮನೆಗೆ ಬರೋಣ. ಗೌರಿ ಹಬ್ಬದ ದಿನ ಬಾಗಿನದ ಮೊರವನ್ನು ನೀವು ಸಿದ್ಧಮಾಡಿರುತ್ತೀರಿ. ಅರಿಸಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆಯ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ನಿಮ್ಮ ದೃಷ್ಟಿಯಲ್ಲಿ ಅದು ಒಂದೇ ವಸ್ತು; ಅದರ ಹೆಸರು ಬಾಗಿನ. ಈ ಮೊರ ಹೊರದೇಶದಿಂದ ಬಂದು ಸುಂಕದ ಅಧಿಕಾರಿಯ ಮೇಜಿನ ಮೇಲೆ ಕುಳಿತಿತೆಂದು ಭಾವಿಸಿ. ಆತ ಬಾಗಿನವೆಂಬ ಶಬ್ದವನ್ನು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅರಿಸಿನ ಒಂಬತ್ತನೆಯ ಅಧ್ಯಾಯದಲ್ಲಿ ಸಂಬಾರ ಪದಾರ್ಥಗಳ ಜೊತೆಗಿದೆ. ಅಕ್ಕಿ ಹತ್ತನೆಯದರಲ್ಲಿ, ಬೇಳೆ ಏಳನೆಯದರಲ್ಲಿ, ಬೆಲ್ಲ ಹದಿನೇಳನೆಯದರಲ್ಲಿ. ಗಾಜಿನ ಬಳೆಗೂ ಕನ್ನಡಿಗೂ ಎಪ್ಪತ್ತನೆಯ ಅಧ್ಯಾಯವೇ ಆದರೂ ಒಂದು 70.18, ಇನ್ನೊಂದು 70.09. ಬಾಚಣಿಗೆ ತೊಂಬತ್ತಾರಕ್ಕೆ ಹೋಗುತ್ತದೆ. ಬಿದಿರಿನ ಮೊರ ನಲವತ್ತಾರನೆಯ ಅಧ್ಯಾಯದ ಹೆಣಿಗೆ ಕೆಲಸ. ಮುತ್ತೈದೆಯ ಕೈಯಲ್ಲಿ ಒಂದಾಗಿದ್ದ ಬಾಗಿನ ಅಧಿಕಾರಿಯ ಕೈಯಲ್ಲಿ ಹತ್ತು ದಿಕ್ಕಿಗೆ ಚದುರಿತು. ಇದರಲ್ಲಿ ಆತನ ತಪ್ಪೇನೂ ಇಲ್ಲ. ಪಟ್ಟಿ ಕೇಳುವುದು ವಸ್ತು ಏನೆಂಬುದನ್ನು. ಏತಕ್ಕೆ ತಂದಿರಿ ಎಂಬುದು ಅದಕ್ಕೆ ಬಹುಮಟ್ಟಿಗೆ ಬೇಡದ ಮಾತು.

ಈ ಪಟ್ಟಿಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಜಗತ್ತಿನ ವ್ಯಾಪಾರದ ವಸ್ತುಗಳಿಗೆಲ್ಲ ಒಂದೇ ಬಗೆಯ ಅಂಕಿ ಇರಬೇಕೆಂದು 1983ರಲ್ಲಿ ಬ್ರಸೆಲ್ಸ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದು 1988ರ ಜನವರಿ 1ರಿಂದ ಜಾರಿಗೆ ಬಂದಿತು. ನಮ್ಮ ದೇಶ ಅದಕ್ಕೆ ಮುಂಚೆಯೇ, 1986ರ ಫೆಬ್ರವರಿ ಕೊನೆಯಲ್ಲಿ, 1975ರ ಸೀಮಾಸುಂಕ ಶಾಸನದ ಪಟ್ಟಿಯನ್ನು ಆ ಮಾದರಿಗೆ ತಿದ್ದಿಕೊಂಡಿತು. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಸಮಾನ. ಮುಂದಿನ ಎರಡು ನಮ್ಮವು. ಅಧ್ಯಾಯಗಳು 97ರವರೆಗೆ; 77 ಮಾತ್ರ ಮುಂದೆಂದಾದರೂ ಬೇಕಾದೀತೆಂದು ಖಾಲಿ ಬಿಟ್ಟ ಕೋಣೆ. ನಾವು ನಮ್ಮ ಅನುಕೂಲಕ್ಕಾಗಿ 98ನ್ನು ಸೇರಿಸಿಕೊಂಡಿದ್ದೇವೆ.

ಸುಂಕವೇನೋ ನಮಗೆ ಹೊಸದಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ಹೆಜ್ಜುಂಕವೆಂದೂ ಚಿಲ್ಲರೆ ಸುಂಕಗಳಿಗೆ ಕಿರುಕುಳವೆಂದೂ ಹೆಸರಿತ್ತು. ಕಿರುಕುಳವೆಂಬ ಮಾತಿಗೆ ಇಂದಿನ ಅರ್ಥ ಹೇಗೆ ಬಂದಿತೆಂದು ಭಾಷಾಪಂಡಿತರನ್ನು ಕೇಳಬೇಕು. ಸುಂಕ ತೆತ್ತವರನ್ನು ಕೇಳಿದರೆ ಇನ್ನೂ ಬೇಗ ಹೇಳಿಯಾರು!

ಇನ್ನು ಯಂತ್ರದ ಕಡೆಗೆ. ಸ್ವಾರಸ್ಯವಿರುವುದೇ ಇಲ್ಲಿ. ಅಗೆಯುವ ಯಂತ್ರ ಪೂರ್ಣವಾಗಿ ಬಂದರೆ ಅದರ ಮನೆ 84.29. ಅದರ ಬಕೆಟ್ಟು ಒಡೆದು ಹೊಸ ಬಕೆಟ್ಟು ಮಾತ್ರ ಬಂದರೆ 84.31, ಇಂಥ ಯಂತ್ರಗಳ ಬಿಡಿಭಾಗಗಳಿಗೆಂದೇ ಮೀಸಲಾದ ಮನೆ ಅದು. ಇಷ್ಟರವರೆಗೆ ಯಜಮಾನನ ತರ್ಕ ಸರಿಯಾಗಿಯೇ ನಡೆಯಿತು. ಈಗ ತೋಳಿನ ಹೈಡ್ರಾಲಿಕ್ ಸಿಲಿಂಡರು ಇಡಿಯಾಗಿ ಬಂದಿತೆನ್ನಿ. ಅದೂ ಅದೇ ಯಂತ್ರಕ್ಕೆ ಅಳತೆ ಮಾಡಿ ಮಾಡಿದ್ದೇ. ಆದರೆ ಅದು 84.31ಕ್ಕೆ ಸೇರದು, 84.12ಕ್ಕೆ ಹೋಗುತ್ತದೆ. ಏಕೆಂದರೆ ಪಟ್ಟಿಯ ಹದಿನಾರನೆಯ ವಿಭಾಗದ ಆರಂಭದಲ್ಲಿ ಒಂದು ಟಿಪ್ಪಣಿಯಿದೆ. ಬಿಡಿಭಾಗವೇ ಆಗಿದ್ದರೂ ಅದಕ್ಕೆ 84 ಅಥವಾ 85ನೆಯ ಅಧ್ಯಾಯದಲ್ಲಿ ತನ್ನದೇ ಹೆಸರಿನ ಶೀರ್ಷಿಕೆ ಇದ್ದರೆ, ಅದು ತನ್ನ ಹೆಸರಿನ ಮನೆಗೇ ಹೋಗತಕ್ಕದ್ದು. ಹಾಗೆ ಸ್ವಂತ ಹೆಸರಿಲ್ಲದ ಭಾಗ ಮಾತ್ರ, ಒಂದು ಬಗೆಯ ಯಂತ್ರಕ್ಕೇ ಮುಖ್ಯವಾಗಿ ಒದಗುವಂತಿದ್ದರೆ, ಆ ಯಂತ್ರದ ಆಶ್ರಯ ಪಡೆಯುತ್ತದೆ. ಬೇರಿಂಗ್ 84.82; ಎಣ್ಣೆ ಶೋಧಿಸುವ ಫಿಲ್ಟರ್ 84.21, ಪಂಪು 84.13. ಇವೆಲ್ಲ ಸ್ವಂತ ಮನೆಯುಳ್ಳವರು.

ಸಿಲಿಂಡರನ್ನು ಬಿಚ್ಚೋಣ. ಒಳಗಿನ ಪಿಸ್ಟನ್ ಸಿಲಿಂಡರಿನ ಭಾಗವಾಗಿ 84.12ರಲ್ಲೇ ಉಳಿಯುತ್ತದೆ. ಪಿಸ್ಟನಿನ ಕೊರಳಿಗೆ ತೊಡಿಸಿದ ರಬ್ಬರಿನ ಉಂಗುರ? ಅದು ಆ ವಿಭಾಗವನ್ನೇ ಬಿಟ್ಟು ಹೊರಡುತ್ತದೆ. ಗಟ್ಟಿ ರಬ್ಬರಲ್ಲದ, ಹದಗೊಳಿಸಿದ ರಬ್ಬರಿನಿಂದ ಯಂತ್ರಗಳಿಗಾಗಿ ಮಾಡಿದ ಸಾಮಾನು ಯಂತ್ರದ ವಿಭಾಗಕ್ಕೆ ಸೇರದೆಂದು ಮೊದಲ ಟಿಪ್ಪಣಿಯೇ ಹೇಳಿಬಿಟ್ಟಿದೆ. ಅದರ ಮನೆ 40.16. ಪ್ಲಾಸ್ಟಿಕ್ಕಿನ ಉಂಗುರವಾದರೆ 39.26, ಕಾಗದದ ಗ್ಯಾಸ್ಕೆಟ್ಟಾದರೆ 48.23. ಉಕ್ಕಿನ ಬೋಲ್ಟು, ವಾಷರು ಎಲ್ಲ 73.18, ಸ್ಪ್ರಿಂಗು 73.20. ಇವು ‘ಸಾಮಾನ್ಯ ಉಪಯೋಗದ ಭಾಗ’ಗಳು. ಯಾವ ಯಂತ್ರದ ಹೆಸರನ್ನು ಹೇಳಿಕೊಂಡು ಬಂದರೂ ಬೋಲ್ಟು ಬೋಲ್ಟೇ. ಕಲ್ಲು ಕೊರೆಯುವ ಬಿಟ್ಟು ಕೂಡ ಯಂತ್ರದ ಜೊತೆ ಇರದೆ ಉಪಕರಣಗಳ ನಡುವೆ 82.07ರಲ್ಲಿ ಕುಳಿತುಕೊಳ್ಳುತ್ತದೆ.

ಹೀಗೆ ಒಂದೇ ತೋಳಿನೊಳಗೆ ಒಂದರೊಳಗೊಂದಾಗಿ ಕುಳಿತ ವಸ್ತುಗಳು ಬೇರೆ ಬೇರೆ ಕುಲದವಾದವು. ಯಂತ್ರ ತಜ್ಞರಿಗೆ ಇದು ನಗೆಪಾಟಲಾಗಿ ಕಾಣಬಹುದು. ಆದರೆ ಸ್ವಲ್ಪ ಯೋಚಿಸಿದರೆ ಬೇರೆ ದಾರಿಯೂ ಕಾಣದು. ಬೋಲ್ಟು ಯಾವ ಯಂತ್ರಕ್ಕೆಂದು ಕೇಳಿ ಸುಂಕ ಹಾಕುವ ಪದ್ಧತಿಯಿದ್ದರೆ, ಸುಂಕ ಕಡಮೆಯಿರುವ ಯಂತ್ರದ ಹೆಸರಿನಲ್ಲಿ ದೇಶದ ಬೋಲ್ಟೆಲ್ಲ ಒಳಗೆ ಬರುತ್ತಿತ್ತು. ಈ ಸಂದೇಹ ಕಾಲ್ಪನಿಕವಲ್ಲ. 2021ರ ಬಜೆಟ್ಟಿನಲ್ಲಿ ಇಲ್ಲಿಯ ಸಣ್ಣ ಕೈಗಾರಿಕೆಗಳ ರಕ್ಷಣೆಗೆಂದು ಉಕ್ಕಿನ ಸ್ಕ್ರೂಗಳ ಮೇಲಿನ ಸುಂಕವನ್ನು ನೂರಕ್ಕೆ 10ರಿಂದ 15ಕ್ಕೆ ಏರಿಸಿದರು. ಆಗ ಯಂತ್ರದ ಬಿಡಿಭಾಗಗಳಲ್ಲಿ ಬಹುಪಾಲಿಗೆ ಇದ್ದುದು ನೂರಕ್ಕೆ 7½. ಸ್ಕ್ರೂವನ್ನು ‘ಯಂತ್ರಭಾಗ’ ಎಂದು ಕರೆದರೆ ಸುಂಕ ಅರ್ಧವಾಗುತ್ತಿತ್ತೆಂದ ಮೇಲೆ, ಹಾಗೆ ಕರೆಯುವ ಆಸೆ ಯಾರಿಗೆ ಆಗದು?

ಆದರೆ ಕಿಟ್ ಎಂಬ ರೂಢಿಯನ್ನು ಪಟ್ಟಿ ಪೂರ್ತಿ ಕಡೆಗಣಿಸಿದೆ ಎನ್ನುವಂತಿಲ್ಲ. 84.84 ಎಂಬ ಶೀರ್ಷಿಕೆಯನ್ನು ಓದಿದಾಗ, ಇದನ್ನು ಬರೆದವರು ಎಂದೋ ಒಮ್ಮೆ ಕೈಗೆ ಎಣ್ಣೆ ಬಳಿದುಕೊಂಡಿರಬೇಕೆಂದು ನನಗೆ ಅನ್ನಿಸಿತು. ಬೇರೆ ಬೇರೆ ದ್ರವ್ಯಗಳಿಂದ ಮಾಡಿದ ಗ್ಯಾಸ್ಕೆಟ್ಟು ಮತ್ತು ಅಂಥ ಸಂದುಮುಚ್ಚುಗಳನ್ನು ಒಂದು ಚೀಲದಲ್ಲೋ ಲಕೋಟೆಯಲ್ಲೋ ಜೋಡಿಸಿ ತಂದರೆ, ಇಡೀ ಪೊಟ್ಟಣಕ್ಕೆ ಆ ಒಂದೇ ಶೀರ್ಷಿಕೆ. ಎಲ್ಲವೂ ಕಾಗದದವೇ ಆದರೆ ಕಾಗದದ ಅಧ್ಯಾಯಕ್ಕೆ ಹೋಗಬೇಕು. ಜೊತೆಗೆ ರಬ್ಬರಿನದೊಂದು ಸೇರಿದರೆ ಪೊಟ್ಟಣ 84.84ಕ್ಕೆ ಬಂದಿತು! ರಬ್ಬರು, ಪ್ಲಾಸ್ಟಿಕ್ಕು, ಲೋಹ ಬೆರೆತ ಸೀಲುಗಳು ಮಾತ್ರ ತುಂಬಿದ ಕಿಟ್ಟಿಗೆ ಈ ಬಾಗಿಲು ತೆರೆದಿದೆಯೆಂದು ವಾದಿಸಲು ಒಳ್ಳೆಯ ಆಧಾರವುಂಟು.

ತೊಂದರೆ ಬರುವುದು ತಯಾರಕರ ಔದಾರ್ಯದಿಂದ. ಸೀಲುಗಳ ಜೊತೆ ಒಂದು ಬೇರಿಂಗ್, ನಾಲ್ಕು ಬೋಲ್ಟು, ಒಂದು ಸ್ಪ್ರಿಂಗು ಕೂಡ ಇರಲೆಂದು ಅವರು ಹಾಕಿಬಿಡುತ್ತಾರೆ. ಮೇಸ್ತ್ರಿಗೆ ಉಪಕಾರವಾಯಿತು, ಏಜೆಂಟರಿಗೆ ಸಂಕಟವಾಯಿತು. ಇದು ಈಗ ಗ್ಯಾಸ್ಕೆಟ್ಟುಗಳ ಪೊಟ್ಟಣವಲ್ಲ. ಪಟ್ಟಿಯ ಅರ್ಥ ಮಾಡಲು ಆರು ನಿಯಮಗಳಿವೆ. ಅವುಗಳಲ್ಲಿ ಮೂರನೆಯದರ ಜಗಳ ಇಲ್ಲಿಂದ ಮೊದಲಾಗುತ್ತದೆ. ಒಂದು ಕೆಲಸಕ್ಕೆಂದು ಜೋಡಿಸಿ, ಮತ್ತೆ ಕಟ್ಟುವ ಅಗತ್ಯವಿಲ್ಲದೆ ನೇರವಾಗಿ ಬಳಸುವವನಿಗೆ ಮಾರುವಂತೆ ಸಿದ್ಧಮಾಡಿದ ಜೋಡಣೆಯಾದರೆ, ಅದಕ್ಕೆ ಮುಖ್ಯ ಲಕ್ಷಣವನ್ನು ಕೊಡುವ ವಸ್ತು ಯಾವುದೋ ಅದರ ಶೀರ್ಷಿಕೆ ಎಲ್ಲಕ್ಕೂ ಸಲ್ಲುತ್ತದೆ. ಮುಖ್ಯವಾದುದು ಯಾವುದೆಂದು ಹೇಳಲಾಗದಿದ್ದರೆ, ಸಮಾನ ಹಕ್ಕುಳ್ಳ ಶೀರ್ಷಿಕೆಗಳಲ್ಲಿ ಸಂಖ್ಯೆಯ ಕ್ರಮದಲ್ಲಿ ಕಡೆಯದು. ಬೆಲೆಯಲ್ಲಿ ಬೇರಿಂಗ್ ದೊಡ್ಡದು, ಕೆಲಸದಲ್ಲಿ ಸೀಲು ದೊಡ್ಡದು, ಮುಖ್ಯವಾದುದು ಯಾವುದು? ಅತ್ತೆ ಸೊಸೆಯರಲ್ಲಿ ಮನೆಯ ಯಜಮಾನಿತಿ ಯಾರೆಂದು ಕೇಳಿದ ಹಾಗೆ.

ಇಷ್ಟೆಲ್ಲ ಚರ್ಚೆ ಎಷ್ಟು ಹಣಕ್ಕಾಗಿ? ಲೆಕ್ಕ ಹಾಕಿ ನೋಡೋಣ. ಕಿಟ್ಟಿನ ಬೆಲೆ 1,00,000 ರೂಪಾಯಿ ಎನ್ನಿ. ನೂರಕ್ಕೆ 7½ರಂತೆ ಸುಂಕ 7,500, ಸುಂಕದ ಮೇಲೆ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣದ ಮೇಲ್ತೆರಿಗೆ 750, ಒಟ್ಟು 8,250. ನೂರಕ್ಕೆ 10 ಆದರೆ ಅದೇ ಲೆಕ್ಕದಲ್ಲಿ 11,000. ಅಂತರ 2,750 ರೂಪಾಯಿ. ಇದರ ಮೇಲೆ ಜಿ.ಎಸ್.ಟಿ. ಬೀಳುತ್ತದಾದರೂ ಅದನ್ನು ವ್ಯಾಪಾರಸ್ಥ ತಾನು ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು. ಒಂದು ಲಕ್ಷದ ಪೊಟ್ಟಣದಲ್ಲಿ ಎರಡು ಮುಕ್ಕಾಲು ಸಾವಿರದ ವ್ಯತ್ಯಾಸ. ಈ ಹಣವನ್ನು ಉಳಿಸಲೆಂದೋ, ಇದನ್ನು ವಸೂಲು ಮಾಡಲೆಂದೋ ಪೊಟ್ಟಣ ಒಂದು ವಾರ ಉಗ್ರಾಣದಲ್ಲಿ ಮಲಗಿದರೆ, ಅತ್ತ ಗಣಿಯಲ್ಲಿ ನಿಂತ ಯಂತ್ರದ ನಷ್ಟದ ಮುಂದೆ ಅದು ಲೆಕ್ಕಕ್ಕೇ ಬಾರದು. ಆ ನಷ್ಟದಲ್ಲಿ ಕೂಲಿಯವರ ಪಾಲನ್ನು ಯಾವ ಇನ್‌ವಾಯ್ಸಿನಲ್ಲಿಯೂ ಕಾಣಿಸುವುದಿಲ್ಲ.

ಹಾಗೆಂದು ಯಾವುದೋ ಒಂದು ಅಂಕಿಯನ್ನು ಬರೆದು ಪಾರಾಗುವಂತೆಯೂ ಇಲ್ಲ. 2011ರಿಂದ ವಸ್ತುವನ್ನು ವರ್ಗೀಕರಿಸಿ ಸುಂಕವನ್ನು ನಿರ್ಧರಿಸುವ ಮೊದಲ ಹೊಣೆ ತರಿಸಿಕೊಳ್ಳುವವನದೇ ಆಗಿದೆ. ಅಧಿಕಾರಿ ಪರಿಶೀಲಿಸುತ್ತಾನೆ, ಒಮ್ಮೊಮ್ಮೆ ಪರಿಶೀಲಿಸದೆಯೂ ಸರಕು ಬಿಡುಗಡೆಯಾಗುತ್ತದೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಸುಂಕ ಕಡಮೆಯಾಗಿದೆಯೆಂದು ಎರಡು ವರ್ಷದವರೆಗೆ ನೋಟೀಸು ಕೊಡಬಹುದು. ಬೇಕೆಂದೇ ಸುಳ್ಳು ಬರೆದಿದ್ದಾರೆ, ಸಂಗತಿಯನ್ನು ಮುಚ್ಚಿಟ್ಟಿದ್ದಾರೆ ಎಂದಾದರೆ ಐದು ವರ್ಷದವರೆಗೆ. ಆಗ ಬಾಕಿ, ಬಡ್ಡಿ, ಬಾಕಿಯಷ್ಟೇ ದಂಡ. ವರುಷಕ್ಕೆ ಹತ್ತು ಪೊಟ್ಟಣ ತರಿಸುವವನಿಗೆ ಐದು ವರ್ಷದ ಐವತ್ತು ಪೊಟ್ಟಣಗಳ ಲೆಕ್ಕ ಒಂದೇ ದಿನ ಬಾಗಿಲಿಗೆ ಬರುತ್ತದೆ. ದೊಡ್ಡ ಕಂಪೆನಿಗಳಲ್ಲಿ ಇದಕ್ಕೆಂದೇ ವಕೀಲರಿದ್ದಾರೆ. ಗುಂಡ್ಲುಪೇಟೆಯ ಕ್ರಷರಿನ ಯಜಮಾನನಿಗೆ ಇರುವುದು ಒಬ್ಬ ಗುಮಾಸ್ತೆ, ಮತ್ತು ಬೆಂಗಳೂರಿನ ಏಜೆಂಟರ ದೂರವಾಣಿ ಸಂಖ್ಯೆ. ನಿಯಮದಲ್ಲಿ ಅನ್ಯಾಯವಿಲ್ಲದಿರಬಹುದು, ಅದರ ಭಾರ ಮಾತ್ರ ಎಲ್ಲರ ಹೆಗಲ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲವೆಂದು ಹೇಳಲೇಬೇಕು.

ಬಲ್ಲವರಲ್ಲೂ ಒಮ್ಮತವಿಲ್ಲ. ರೈಲ್ವೆ ಸಿಗ್ನಲ್ಲಿನಲ್ಲಿ ಬಳಸುವ ರಿಲೇ ಎಂಬ ವಿದ್ಯುತ್ ಉಪಕರಣ ವಿದ್ಯುತ್ ಸಾಮಾನಿನ 85.36ಕ್ಕೆ ಸೇರಬೇಕೆ, ರೈಲ್ವೆ ಸಿಗ್ನಲ್ಲಿನ 86.08ಕ್ಕೆ ಸೇರಬೇಕೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಅಬಕಾರಿ ಸುಂಕದ ಮೊಕದ್ದಮೆಯಾದರೂ ಪಟ್ಟಿಯ ರಚನೆ ಎರಡಕ್ಕೂ ಒಂದೇ. ಏಕಮಾತ್ರ ಅಥವಾ ಮುಖ್ಯ ಉಪಯೋಗ ಯಾವುದೆಂದು ನೋಡಬೇಕೆಂದು ಹೇಳಿ, 2021ರಲ್ಲಿ ನ್ಯಾಯಾಲಯ ರಿಲೇಯನ್ನು ರೈಲ್ವೆಯ ಕಡೆಗೇ ಕಳುಹಿಸಿತು. ಇನ್ನು ಬಿಡಿಭಾಗಗಳೆಲ್ಲ ಉಪಯೋಗದ ಮೇಲೆಯೇ ನಿಂತವೆಂದು ಕೆಲವರು ಭಾವಿಸಿದರು. ಅದಕ್ಕೆ 2022ರ ಜನವರಿ 5ರಂದು ಸುಂಕ ಮಂಡಳಿ, ವಾಹನಗಳ ಬಿಡಿಭಾಗಗಳ ವಿಷಯದಲ್ಲಿ ಆ ತೀರ್ಪನ್ನು ಎಲ್ಲೆಂದರಲ್ಲಿ ಅನ್ವಯಿಸದೆ ಆಯಾ ಟಿಪ್ಪಣಿಗಳನ್ನು ನೋಡಿಕೊಂಡು ನಡೆಯಬೇಕೆಂದು ತನ್ನ ಅಧಿಕಾರಿಗಳಿಗೆ ಸೂಚನೆ ಕಳುಹಿಸಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೂ ಅಡಿಟಿಪ್ಪಣಿ ಬೇಕಾದ ವಿಷಯದಲ್ಲಿ ಗುಮಾಸ್ತೆ ತಡವರಿಸಿದರೆ ಆಶ್ಚರ್ಯವೇನು?

ದಾರಿಗಳಿಲ್ಲವೆಂದಲ್ಲ. ಮುಂದೆ ತರಿಸಲಿರುವ ವಸ್ತುವಿನ ವರ್ಗ ಯಾವುದೆಂದು ಮೊದಲೇ ಕೇಳಿ ನಿರ್ಣಯ ಪಡೆಯಬಹುದು. ಇದಕ್ಕಾಗಿ ದೆಹಲಿಯಲ್ಲಿ, ಮುಂಬಯಿಯಲ್ಲಿ ಪ್ರಾಧಿಕಾರಗಳಿವೆ. ಶುಲ್ಕ ಹತ್ತು ಸಾವಿರ ರೂಪಾಯಿ. ಮೂರು ತಿಂಗಳೊಳಗೆ ಉತ್ತರ ಕೊಡಬೇಕೆಂದು ಶಾಸನ. ಪದೇಪದೇ ಅದೇ ಕಿಟ್ಟನ್ನು ತರಿಸುವವನಿಗೆ ಇದು ಲಾಭವೇ. ಯಂತ್ರ ಇಂದು ನಿಂತವನಿಗೆ ಮೂರು ತಿಂಗಳು ದೀರ್ಘ. ಅಂಥವನು ವಿವಾದವನ್ನು ಮುಂದಕ್ಕಿಟ್ಟು, ಮುಚ್ಚಳಿಕೆ ಬರೆದುಕೊಟ್ಟು, ತಾತ್ಕಾಲಿಕ ನಿರ್ಧಾರದ ಮೇಲೆ ಸರಕನ್ನು ಬಿಡಿಸಿಕೊಳ್ಳಬಹುದು.

ಇನ್ನೊಂದು ವಿಶೇಷ ದಾರಿ ನಾವೇ ಸೇರಿಸಿಕೊಂಡ ಆ 98ನೆಯ ಅಧ್ಯಾಯದಲ್ಲಿದೆ. ಕಾರ್ಖಾನೆಯನ್ನೋ ಗಣಿಯನ್ನೋ ಹೊಸದಾಗಿ ಸ್ಥಾಪಿಸುವಾಗ, ಅಥವಾ ಗಣನೀಯವಾಗಿ ವಿಸ್ತರಿಸುವಾಗ, ಬೇಕಾದ ಯಂತ್ರಗಳನ್ನೆಲ್ಲ ಒಟ್ಟಾಗಿ ನೋಂದಾಯಿಸಿ ತಂದರೆ 98.01 ಎಂಬ ಒಂದೇ ಶೀರ್ಷಿಕೆ. ಯಂತ್ರಗಳ ಬೆಲೆಯ ಹತ್ತರಲ್ಲೊಂದು ಪಾಲಿನವರೆಗೆ ಬಿಡಿಭಾಗಗಳೂ ಅದರ ನೆರಳಿನಲ್ಲಿ ಬರುತ್ತವೆ. ಅಲ್ಲಿ ಬೋಲ್ಟು, ಉಂಗುರ, ಬೇರಿಂಗ್ ತಮ್ಮ ಕುಲಗೋತ್ರವನ್ನು ಮರೆತು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ಐದು ವರ್ಷದ ಹಳೆಯ ಯಂತ್ರದ ಸೀಲು ಹೋದಾಗ ಈ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ.

ನಮ್ಮ ಗಣಿಗೆ ಹಿಂದಿರುಗೋಣ. ಏಜೆಂಟರ ಪ್ರಶ್ನೆಗೆ ಉತ್ತರ ಯಜಮಾನನಲ್ಲಿರಲಿಲ್ಲ, ಗುಮಾಸ್ತೆಯಲ್ಲೂ ಇರಲಿಲ್ಲ. ಅದು ಇದ್ದುದು ಮೇಸ್ತ್ರಿಯಲ್ಲಿ. ಹೋದ ಸಲ ತಾನೇ ಕಿಟ್ಟನ್ನು ಬಿಚ್ಚಿ ಜೋಡಿಸಿದವನು ಅವನು. ಗೋಣಿಯ ಮೇಲೆ ಕುಳಿತು, ಎಣ್ಣೆಯ ಬೆರಳನ್ನು ಮಡಿಸುತ್ತ ಹೇಳುತ್ತ ಹೋಗುತ್ತಾನೆ, ಗುಮಾಸ್ತೆ ಬರೆದುಕೊಳ್ಳುತ್ತಾನೆ. ರಬ್ಬರಿನ ಉಂಗುರ ಎಂಟು. ಬಿಳಿಯ ಪ್ಲಾಸ್ಟಿಕ್ಕಿನದು ನಾಲ್ಕು. ಒಳಗೆ ಲೋಹದ ಬಳೆಯುಳ್ಳ ಸೀಲು ಎರಡು. ಬೋಲ್ಟು? ‘ಬೋಲ್ಟು ಬ್ಯಾಡ ಸಾಮಿ, ಅದು ಮೈಸೂರಲ್ಲೇ ಸಿಕ್ತದೆ.’ ಗುಮಾಸ್ತೆ ಆ ಸಾಲನ್ನು ಹೊಡೆದುಹಾಕಿ, ಪ್ರತಿಯೊಂದರ ಮುಂದೆ ದ್ರವ್ಯ, ಸಂಖ್ಯೆ, ಬೆಲೆಯನ್ನು ಬೇರೆಬೇರೆಯಾಗಿ ಬರೆದು ಕಳುಹಿಸಬೇಕೆಂದೂ, ಬೋಲ್ಟುಗಳನ್ನು ಪೊಟ್ಟಣಕ್ಕೆ ಸೇರಿಸಬಾರದೆಂದೂ ತಯಾರಕರಿಗೆ ಪತ್ರ ಬರೆಯುತ್ತಾನೆ. ಕೂಲಿಯವರಲ್ಲಿ ಒಬ್ಬ ಎದ್ದು ಬಂದು, ಯಂತ್ರ ಯಾವತ್ತು ಓಡುತ್ತದೆ ಎಂದು ಕೇಳುತ್ತಾನೆ. ಮೇಸ್ತ್ರಿ ಗುಮಾಸ್ತೆಯ ಕಡೆ ನೋಡುತ್ತಾನೆ. ಗುಮಾಸ್ತೆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಸ್ಸಿನ ವೇಳೆಯನ್ನು ವಿಚಾರಿಸುತ್ತಾನೆ.